ಮನೆ ಕೊಡಲ್ಲ ಅಂದರೆ ದೂರು ಎಲ್ಲಿ ಕೊಡಬೇಕು?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಓದಲಿಕ್ಕೋ ಕೆಲಸಕ್ಕೋ ಊರು ಬಿಟ್ಟು ಬಂದವರು. ಬಾಡಿಗೆ ಮನೆ ಹುಡುಕಿದವರಿಗೆ ಆ ಪ್ರಶ್ನೆಗಳು ಗೊತ್ತೇ ಇರುತ್ತವೆ. ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡುತ್ತೀರಿ. "ಬನ್ನಿ, ಮನೆ ನೋಡಿ" ಅನ್ನುತ್ತಾರೆ. ನೋಡಿದ್ದಾಯಿತು, ಬಾಡಿಗೆ ಒಪ್ಪಿದ್ದಾಯಿತು, ಅಡ್ವಾನ್ಸ್ ಎಷ್ಟು ಅಂತಲೂ ಮಾತಾಯಿತು. ಆಮೇಲೆ ಶುರುವಾಗುತ್ತದೆ. "ಯಾವ ಊರಾಯ್ತು? ತಂದೆಯವರು ಏನ್ಮಾಡ್ತಾರೆ? ಮನೆದೇವರು ಯಾವುದು? ವೆಜ್ಜಾ, ನಾನ್‌ವೆಜ್ಜಾ?" ಕೊನೆಗೆ ಧ್ವನಿ ತಗ್ಗಿಸಿ, "ತಪ್ಪು ತಿಳ್ಕೋಬೇಡಿ, ನಿಮ್ದು ಯಾವ ಪೈಕಿ?" ಉತ್ತರ ಕೇಳಿದ ಮೇಲೆ, "ಮನೆಯವರನ್ನ ಕೇಳಿ ಹೇಳ್ತೀನಿ." ಮರುದಿನ ಫೋನ್ ಮಾಡಿದರೆ ಅವರ ಅಣ್ಣನ ಮಗ ಆ ಮನೆಗೆ ಬರುವವನಿರುತ್ತಾನೆ. ಬೋರ್ಡ್ ಮಾತ್ರ ತಿಂಗಳಾದರೂ ಅಲ್ಲೇ ನೇತಾಡುತ್ತಿರುತ್ತದೆ.

ಆಗ ನಾವೇನು ಮಾಡುತ್ತೇವೆ? ಸುಮ್ನೆ ಇನ್ನೊಂದು ಮನೆ ಹುಡುಕುತ್ತೇವೆ. "ಬಿಡು, ಅವರ ಮನೆ, ಅವರಿಷ್ಟ" ಅಂತ ಗೆಳೆಯರೂ ಹೇಳುತ್ತಾರೆ. ಈ ಮಾತನ್ನು ಒಪ್ಪಬೇಡಿ ಅಂತ ಕೇಳಿಕೊಳ್ಳಲಿಕ್ಕೇ ನಾನು ಇವತ್ತು ಬಂದಿದ್ದೇನೆ.

ಅಂಬೇಡ್ಕರ್ ಅವರಿಗೆ ಬರೋಡದಲ್ಲಿ ಏನಾಯಿತು ಅಂತ ನೆನಪಿಸಿಕೊಳ್ಳಿ. ಅಮೆರಿಕ, ಇಂಗ್ಲೆಂಡ್‌ನಲ್ಲಿ ಓದಿ ಬಂದವರು. ಬರೋಡ ಸಂಸ್ಥಾನದಲ್ಲಿ ಕೆಲಸ ಸಿಕ್ಕಿತ್ತು, ಇರಲಿಕ್ಕೆ ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದುಕೊಂಡರು. ಕೆಲವೇ ದಿನಗಳಲ್ಲಿ ಗುಟ್ಟು ಹೊರಬಿತ್ತು. ದೊಣ್ಣೆ ಹಿಡಿದ ಜನ ಮೆಟ್ಟಿಲು ಹತ್ತಿ ಬಂದು, ಸಂಜೆಯೊಳಗೆ ಖಾಲಿ ಮಾಡು ಅಂದರು. ಆಶ್ರಯ ಕೇಳಿಕೊಂಡು ಹೋದರೆ ಇಬ್ಬರು ಸ್ನೇಹಿತರೂ ಏನೋ ನೆಪ ಹೇಳಿದರು. ಅಷ್ಟು ಓದಿದ ಮನುಷ್ಯ ಊರಿನ ಉದ್ಯಾನದಲ್ಲಿ ಕೂತು ಹೊತ್ತು ಕಳೆದು, ರಾತ್ರಿಯ ರೈಲಿಗೆ ಬೊಂಬಾಯಿಗೆ ಹೊರಟರು.

ದೂರು ಕೊಡಲಿಕ್ಕೆ ಅವತ್ತು ಅವರಿಗೆ ಯಾವ ಕಾನೂನೂ ಇರಲಿಲ್ಲ. ಇವತ್ತು ನಮಗೆ ಇದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅದರ ಮೇಲೆ 1955ರಲ್ಲಿ ಬಂದ ಕಾಯ್ದೆಗೆ ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು. ಅದರ 4ನೇ ಸೆಕ್ಷನ್‌ನಲ್ಲಿ ಕೆರೆ, ಬಾವಿ, ಹೋಟೆಲುಗಳ ಜೊತೆಗೇ ಇನ್ನೊಂದು ಸಾಲಿದೆ. ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟುವುದಕ್ಕೆ, ಕೊಳ್ಳುವುದಕ್ಕೆ, ಅದರಲ್ಲಿ ವಾಸ ಮಾಡುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡುವಂತಿಲ್ಲ. ಒಂದರಿಂದ ಆರು ತಿಂಗಳವರೆಗೆ ಜೈಲು. ದಂಡ ಬರೀ 100ರಿಂದ 500 ರೂಪಾಯಿ. ಆ ದಂಡ ಇವತ್ತಿಗೆ ಏನೇನೂ ಸಾಲದು, ನಿಜ. ಆದರೆ ಇದು ವಾರಂಟ್ ಇಲ್ಲದೆ ಪೊಲೀಸರು ಕ್ರಮ ಕೈಗೊಳ್ಳಬಹುದಾದ ಅಪರಾಧ.

"ಜಾತಿಗಾಗಿಯೇ ಮನೆ ಕೊಡಲಿಲ್ಲ ಅಂತ ನಾನು ಹೇಗೆ ಸಾಬೀತು ಮಾಡಲಿ?" ಎಲ್ಲರೂ ಕೇಳುವುದು ಇದನ್ನೇ, ಅಲ್ವಾ? ದಯವಿಟ್ಟು ಅದೇ ಕಾಯ್ದೆಯ 12ನೇ ಸೆಕ್ಷನ್ ಓದಿ. ಪರಿಶಿಷ್ಟ ಜಾತಿಯವರ ಮೇಲೆ ಇಂಥ ಕೃತ್ಯ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದು ಅಂತ ಕೋರ್ಟು ಭಾವಿಸಬೇಕು. ಹಾಗಲ್ಲ ಅಂತ ತೋರಿಸುವ ಹೊಣೆ ಆರೋಪಿಯದು. ಮನೆ ಖಾಲಿ ಇತ್ತು, ಮಾತುಕತೆ ಮುಗಿದಿತ್ತು, ಜಾತಿ ಗೊತ್ತಾದ ಮೇಲೆ ಮಾತು ಬದಲಾಯಿತು. ಇಷ್ಟನ್ನು ನೀವು ತೋರಿಸಬೇಕು. ಅಣ್ಣನ ಮಗ ಯಾಕೆ ಬರಲಿಲ್ಲ ಅಂತ ಅವರು ಹೇಳಲಿ.

ಹಾಗಾಗಿ ಅವತ್ತೇ ರಾತ್ರಿ ಕೂತು ನಡೆದದ್ದನ್ನೆಲ್ಲ ಬರೆದಿಡಿ. ತಾರೀಖು, ಗಂಟೆ, ಮನೆಯ ವಿಳಾಸ, ಜೊತೆಗೆ ಯಾರಿದ್ದರು, ಬ್ರೋಕರ್ ಯಾರು. ಅವರು ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ, ತಿದ್ದಬೇಡಿ. ವಾಟ್ಸಾಪ್ ಮೆಸೇಜು, ಕಾಲ್ ವಿವರ ಅಳಿಸಬೇಡಿ. ಸ್ಕ್ರೀನ್‌ಶಾಟ್ ಇದ್ದರೂ ಮೂಲ ಮೆಸೇಜ್ ಇರುವ ಫೋನ್ ಕೈಯಲ್ಲಿರಲಿ. ಯಾಕೆಂದರೆ ಕೋರ್ಟಿನಲ್ಲಿ ಡಿಜಿಟಲ್ ದಾಖಲೆ ಹಾಜರು ಮಾಡುವಾಗ 2023ರ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ. ವಾರ ಬಿಟ್ಟು ಆ ಕಡೆ ಹೋಗಿ, ಬೋರ್ಡ್ ಇನ್ನೂ ಇದ್ದರೆ ಫೋಟೋ ತೆಗೆಯಿರಿ. ಬೇರೆ ಜಾತಿಯ ಗೆಳೆಯನೊಬ್ಬ ಅದೇ ನಂಬರಿಗೆ ಫೋನ್ ಮಾಡಿ "ಮನೆ ಇದೆಯಾ?" ಅಂತ ಕೇಳಲಿ. ಇದೆ ಅಂದರೆ ಆ ಗೆಳೆಯನೇ ನಿಮ್ಮ ಸಾಕ್ಷಿ. ಅಮೆರಿಕದಲ್ಲಿ ಹೀಗೆ ಪರೀಕ್ಷೆ ಮಾಡಲು ಹೋಗಿ ಸುಳ್ಳು ಉತ್ತರ ಪಡೆದ ಕಪ್ಪು ಮಹಿಳೆಗೆ ತಾನೇ ದಾವೆ ಹೂಡುವ ಹಕ್ಕಿದೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿತು.

ಇನ್ನು ಅರ್ಜಿ ಬರೆಯುವುದು. "ನನಗೆ ತುಂಬಾ ಅವಮಾನವಾಗಿದೆ, ನ್ಯಾಯ ಕೊಡಿಸಿ" ಅಂತಷ್ಟೇ ಬರೆದರೆ ಠಾಣೆಯಲ್ಲಿ ಒಂದು ಹಿಂಬರಹ ಕೊಟ್ಟು ಕಳಿಸಿಬಿಡುತ್ತಾರೆ. ಹೀಗೆ ಬರೆಯಿರಿ: "ನಾನು ಪರಿಶಿಷ್ಟ ಜಾತಿಗೆ ಸೇರಿದವನು. ಇಂಥ ದಿನ, ಇಂಥ ಹೊತ್ತಿಗೆ, ಇಂಥ ವಿಳಾಸದ ಮನೆಯನ್ನು ಬಾಡಿಗೆಗೆ ಕೊಡಲು ಮಾಲೀಕರು ಒಪ್ಪಿದ್ದರು. ನನ್ನ ಜಾತಿ ಕೇಳಿ ತಿಳಿದುಕೊಂಡ ಮೇಲೆ ನಿರಾಕರಿಸಿದರು. ಆಗ ಅವರು ಹೇಳಿದ ಮಾತು ಇದು." ಆಮೇಲೆ ಸೆಕ್ಷನ್ ನಮೂದಿಸಿ, ಜಾತಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿ.

ಯಾವ ಠಾಣೆಗೆ ಬೇಕಾದರೂ ಹೋಗಬಹುದು. ನಮ್ಮ ವ್ಯಾಪ್ತಿಗೆ ಬರಲ್ಲ ಅಂದರೆ ಝೀರೋ ಎಫ್ಐಆರ್ ಮಾಡಿ ಅನ್ನಿ, ಅಂದರೆ ದೂರನ್ನು ಇಲ್ಲೇ ದಾಖಲಿಸಿಕೊಂಡು ಆ ವ್ಯಾಪ್ತಿಯ ಠಾಣೆಗೆ ಕಳಿಸುವುದು. ತೆಗೆದುಕೊಳ್ಳಲೇ ಇಲ್ಲವೇ? ಅದೇ ಅರ್ಜಿಯನ್ನು ಎಸ್‌ಪಿಗೆ, ಬೆಂಗಳೂರಾದರೆ ಡಿಸಿಪಿಗೆ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ, 2025ರಲ್ಲಿ ಅದಕ್ಕೆ ತನ್ನದೇ ಪೊಲೀಸ್ ಠಾಣೆಗಳೂ ಬಂದಿವೆ. ಫೋನಿನಲ್ಲಿ ಹೇಳಬೇಕೆಂದರೆ ದೌರ್ಜನ್ಯ ತಡೆ ಸಹಾಯವಾಣಿ 14566. ಬೇಕೆಂದೇ ತನಿಖೆ ಮಾಡದ ಅಧಿಕಾರಿಯೂ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟಂತೆ ಅಂತ 1955ರ ಕಾಯ್ದೆಯೇ ಹೇಳುತ್ತದೆ. ಇದನ್ನು ಠಾಣೆಯಲ್ಲಿ ಮೆತ್ತಗೆ ನೆನಪಿಸುವುದರಲ್ಲಿ ತಪ್ಪಿಲ್ಲ.

ಜಾತಿ ಹೆಸರು ಹಿಡಿದು ಬೈದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಬರುತ್ತದೆ. ಇದು ಪರಿಶಿಷ್ಟ ಪಂಗಡದವರಿಗೂ ಅನ್ವಯ. ಆದರೆ ಆ ಬೈಗುಳ ಸಾರ್ವಜನಿಕರ ಎದುರಿಗೆ ಆಗಿರಬೇಕು. ಗೇಟಿನ ಹತ್ತಿರ ನಾಲ್ಕು ಜನರ ಮುಂದೆ ಅಂದದ್ದು ಬೇರೆ, ಮನೆಯೊಳಗೆ ಯಾರೂ ಇಲ್ಲದಾಗ ಅಂದದ್ದು ಬೇರೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿದೆ. ಹಾಗಾಗಿ ಎಲ್ಲಿ ನಿಂತು ಹೇಳಿದರು, ಯಾರು ಕೇಳಿಸಿಕೊಂಡರು ಅನ್ನುವುದನ್ನು ಬಿಡದೆ ಬರೆಯಿರಿ. ಈ ಕಾಯ್ದೆಯಡಿ ಎಫ್ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. "ವಿಚಾರಿಸಿ ಆಮೇಲೆ ನೋಡೋಣ" ಅನ್ನುವಂತಿಲ್ಲ. ಈಗಾಗಲೇ ಬಾಡಿಗೆಗಿದ್ದು, ಜಾತಿ ಗೊತ್ತಾಯಿತೆಂದು ಬಲವಂತವಾಗಿ ಮನೆ ಬಿಡಿಸಿದರೂ ಇದೇ ಕಾಯ್ದೆ. ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇದೆ.

ಮುಸ್ಲಿಂ, ಕ್ರೈಸ್ತ ಗೆಳೆಯರಿಗೆ ನಾನು ಇಷ್ಟೇ ಧೈರ್ಯವಾಗಿ ಹೇಳಲಾರೆ, ಇದು ನನಗೆ ನೋವಿನ ಸಂಗತಿ. ಧರ್ಮದ ಕಾರಣಕ್ಕೆ ಮನೆ ಕೊಡದ ಖಾಸಗಿ ಮಾಲೀಕನನ್ನು ಶಿಕ್ಷಿಸುವ ನೇರ ಕಾನೂನು ನಮ್ಮಲ್ಲಿಲ್ಲ. ಸಂವಿಧಾನದ 15ನೇ ವಿಧಿಯ ಮೊದಲ ಮಾತು ಸರ್ಕಾರವನ್ನು ಕಟ್ಟಿಹಾಕುತ್ತದೆ, ಮನೆ ಓನರನ್ನು ಅಲ್ಲ. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಅನ್ನುವ ಗೃಹ ಸಹಕಾರ ಸಂಘದ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಶಶಿ ತರೂರ್ ಅವರು ಲೋಕಸಭೆಯಲ್ಲಿ ತಾರತಮ್ಯ ವಿರೋಧಿ ಖಾಸಗಿ ಮಸೂದೆ ತಂದಿದ್ದರು, ಕಾನೂನಾಗಲಿಲ್ಲ. ಆದರೂ ರಾಜ್ಯ ಅಲ್ಪಸಂಖ್ಯಾತರ ಆಯೋಗಕ್ಕೆ ಬರೆಯಿರಿ. ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ. ಆದರೆ ದೂರುಗಳೇ ದಾಖಲಾಗದಿದ್ದರೆ ಇಂಥ ಕಾನೂನು ಬೇಕು ಅಂತ ಕೇಳುವಾಗ ತೋರಿಸಲಿಕ್ಕೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಎಚ್ಐವಿ ಇದೆಯೆಂದು ಮನೆ ಕೊಡದಿರುವುದನ್ನು 2017ರ ಕಾಯ್ದೆ ಹೆಸರು ಹಿಡಿದು ನಿಷೇಧಿಸಿದೆ, ದೂರು ಓಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ವಿಚಾರಿಸಲೆಂದೇ ಇರುವ ಅಧಿಕಾರಿಗೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಮನೆ ನಿರಾಕರಿಸುವುದನ್ನು 2019ರ ಕಾಯ್ದೆ ನಿಷೇಧಿಸಿದೆ.

ವಕೀಲರಿಗೆ ದುಡ್ಡೆಲ್ಲಿಂದ ತರುವುದು ಅನ್ನಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅವರ ಸಮಿತಿಯ ಕಚೇರಿ ಇರುತ್ತದೆ, ಫೋನ್ ನಂಬರ್ 15100. ಠಾಣೆಗೆ ಒಬ್ಬರೇ ಹೋಗಬೇಡಿ, ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಎಫ್ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು, ಅದನ್ನು ಕೈಗೆ ತೆಗೆದುಕೊಂಡೇ ಹೊರಗೆ ಬನ್ನಿ.

ಈಗ ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ಹೇಳಿ, ಅರ್ಜಿಯನ್ನು ಇಲ್ಲೇ ಕೂತು ಬರೆಯೋಣ.