ಓಸ್ಲೊ ಫೆರ್ರಿಯಲ್ಲಿ ಕೂತು ಮಾತು ಕೇಳಿದ್ದು

ನಮಸ್ಕಾರ. ಈಗ ನೀವು ನೋಡುತ್ತಿರುವುದು ನಾರ್ವೆಯ ರಾಜಧಾನಿ ಓಸ್ಲೊದ ಆಕರ್ ಬ್ರಿಗ್ಗೆ, ನೀರಿನ ದಂಡೆಯ ಜಾಗ. ಇಲ್ಲಿಂದ ಆಚೆ ದಡದ ನೆಸೊಡ್ಡೆನ್‌ಗೆ ಹೋಗುವ ಫೆರ್ರಿ ಹತ್ತಿದ್ದೇನೆ, ಅರ್ಧ ಗಂಟೆಯೂ ಹಿಡಿಯದ ದಾರಿ. ಹಿಂದೆ ಸರಿಯುತ್ತಿರುವ ಆ ಎರಡು ಇಟ್ಟಿಗೆ ಗೋಪುರಗಳು ಸಿಟಿ ಹಾಲ್‌ನವು. ಸುತ್ತ ಇರುವವರೆಲ್ಲ ಕೆಲಸ ಮುಗಿಸಿ ಮನೆಗೆ ಹೊರಟವರು. ನಾನು ಮಾತ್ರ ಒಂದು ಸಿನಿಮಾ ನೋಡಿ, ಅದಕ್ಕೋಸ್ಕರ ಇಲ್ಲಿಗೆ ಬಂದಿದ್ದೇನೆ.

ಆ ಸಿನಿಮಾ ನಾರ್ವೆಯ ನಿರ್ದೇಶಕ ಡಾಗ್ ಯೋಹಾನ್ ಹೌಗೆರುಡ್ ಅವರ 'ಲವ್'. 2024ರಲ್ಲೇ ಅವರ ಮೂರು ಸಿನಿಮಾ ಬಂದವು: 'ಸೆಕ್ಸ್', 'ಲವ್', 'ಡ್ರೀಮ್ಸ್'. ಮೂರೂ ಓಸ್ಲೊದ ಕತೆ, ಆದರೆ ಪಾತ್ರಗಳು ಬೇರೆ ಬೇರೆ, ಯಾವುದನ್ನು ಮೊದಲು ನೋಡಿದರೂ ತೊಂದರೆ ಇಲ್ಲ. 'ಡ್ರೀಮ್ಸ್'ಗೆ 2025ರಲ್ಲಿ ಬರ್ಲಿನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಚಿನ್ನದ ಕರಡಿ ಬಂತು, ನಾರ್ವೆಯ ಸಿನಿಮಾವೊಂದಕ್ಕೆ ಅದು ಸಿಕ್ಕಿದ್ದು ಅದೇ ಮೊದಲು. ಹೌಗೆರುಡ್ ಕಾದಂಬರಿಕಾರರೂ ಹೌದು, ಲೈಬ್ರರಿಯಲ್ಲಿ ಕೆಲಸ ಮಾಡಿದವರೂ ಹೌದು. ಅದು ಅವರ ಸಿನಿಮಾದಲ್ಲಿ ಗೊತ್ತಾಗುತ್ತದೆ ಅಂತ ನನಗನ್ನಿಸುತ್ತದೆ. ಅಲ್ಲಿ ಯಾರಿಗೂ ಅವಸರ ಇಲ್ಲ.

'ಲವ್'ನಲ್ಲಿ ಮರಿಯಾನ್ ಅನ್ನುವ ಡಾಕ್ಟರ್ ಇದ್ದಾಳೆ. ಪ್ರಾಸ್ಟೇಟ್ ಕ್ಯಾನ್ಸರ್ ಇದೆ ಅಂತ ಗಂಡಸರನ್ನು ಕೂರಿಸಿ ಹೇಳುವುದು ಅವಳ ದಿನದ ಕೆಲಸ. ಟಾರ್ ಅದೇ ಆಸ್ಪತ್ರೆಯ ನರ್ಸ್. ಒಂದು ರಾತ್ರಿ ಇಬ್ಬರೂ ಇದೇ ಫೆರ್ರಿಯಲ್ಲಿ ಸಿಗುತ್ತಾರೆ. ತಾನು ಗಂಡಸರನ್ನು ಭೇಟಿ ಮಾಡುವುದಕ್ಕೆ ರಾತ್ರಿ ಈ ಫೆರ್ರಿಯಲ್ಲಿ ಓಡಾಡುತ್ತೇನೆ, ಕೆಲವೊಮ್ಮೆ ಬರೀ ಮಾತಾಡಿ ಇಳಿದುಬಿಡುತ್ತೇನೆ ಅಂತ ಟಾರ್ ಹೇಳುತ್ತಾನೆ. ಅವಳು ಗಾಬರಿಯಾಗುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತಾಳೆ, ಆಮೇಲೆ ಆ ಮಾತು ಅವಳ ತಲೆಯೊಳಗೇ ಕೂತು ಕೆಲಸ ಮಾಡುತ್ತದೆ. ಹೀಗೆ ಕೇಳಿಸಿಕೊಳ್ಳುವವರನ್ನು ನಾನು ಸಿನಿಮಾದಲ್ಲಿ ಅಷ್ಟಾಗಿ ನೋಡಿಲ್ಲ. 'ಸೆಕ್ಸ್'ನಲ್ಲೂ ಹಾಗೇ. ಮನೆಗಳ ಚಿಮಣಿ ಗುಡಿಸುವ ಇಬ್ಬರು, ಇಬ್ಬರಿಗೂ ಮದುವೆಯಾಗಿದೆ, ತಮಗೇ ಸರಿಯಾಗಿ ಅರ್ಥವಾಗದ ವಿಷಯವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಕೇಳುವವನು ಎದ್ದು ಹೋಗುವುದಿಲ್ಲ. ನನಗೆ ಅಷ್ಟು ಸಾಕಾಯಿತು.

ನಾರ್ವೆಯ ಇನ್ನೊಬ್ಬ ನಿರ್ದೇಶಕ ಯೋಆಕಿಮ್ ಟ್ರಿಯರ್ ಹೆಸರು ನಿಮಗೆ ಗೊತ್ತಿರಬಹುದು. ಅವರ 'ದ ವರ್ಸ್ಟ್ ಪರ್ಸನ್ ಇನ್ ದ ವರ್ಲ್ಡ್'ನಲ್ಲಿ ಇಡೀ ಊರು ನಿಂತುಬಿಟ್ಟಾಗ ನಾಯಕಿ ಒಬ್ಬಳೇ ಓಡುತ್ತಾಳಲ್ಲ, ಆ ದೃಶ್ಯ ಎಲ್ಲರೂ ಹೇಳುತ್ತಾರೆ. ರೆನಾಟೆ ರೈನ್ಸ್ವೆಗೆ ಆ ಪಾತ್ರಕ್ಕೆ 2021ರಲ್ಲಿ ಕಾನ್ ಚಿತ್ರೋತ್ಸವದ ಉತ್ತಮ ನಟಿ ಪ್ರಶಸ್ತಿ ಬಂತು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಅವರದೇ 2011ರ 'ಓಸ್ಲೊ, ಆಗಸ್ಟ್ 31'. ನಶೆಯಿಂದ ಹೊರಬರುತ್ತಿರುವ ಆಂಡರ್ಸ್ ಒಂದು ಕೆಫೆಯಲ್ಲಿ ಒಬ್ಬನೇ ಕೂತು ಅಕ್ಕಪಕ್ಕದ ಟೇಬಲ್‌ಗಳ ಮಾತು ಕೇಳುತ್ತಾನೆ. ಯಾರೋ ಹುಡುಗಿ ಜೀವನದಲ್ಲಿ ಮಾಡಬೇಕಾದ್ದರ ಪಟ್ಟಿ ಓದುತ್ತಿರುತ್ತಾಳೆ. ಎಲ್ಲ ಮಾತೂ ಅವನ ಕಿವಿಗೆ ಬೀಳುತ್ತದೆ, ಅವನ ಜೊತೆ ಆಡಿದ್ದು ಒಂದೂ ಅಲ್ಲ. ಆ ಪಾತ್ರ ಮಾಡಿದ ಆಂಡರ್ಸ್ ದಾನಿಯೆಲ್ಸೆನ್ ಲೀ ನಿಜ ಜೀವನದಲ್ಲಿ ಡಾಕ್ಟರ್ ಕೂಡ.

ಟ್ರಿಯರ್ ಅವರ ಸಿನಿಮಾದ ಜನ ಎದುರಾಬದುರು ಕೂತು ಮನಸ್ಸಿನ ಮಾತು ಹೇಳಲಾರರು. 2025ರಲ್ಲಿ ಕಾನ್‌ನಲ್ಲಿ ಗ್ರಾಂಡ್ ಪ್ರೀ ಪ್ರಶಸ್ತಿ ಪಡೆದ ಅವರ 'ಸೆಂಟಿಮೆಂಟಲ್ ವ್ಯಾಲ್ಯೂ'ನಲ್ಲಿ ಒಬ್ಬ ಅಪ್ಪ ಇದ್ದಾನೆ, ಸಿನಿಮಾ ನಿರ್ದೇಶಕ. ಮಗಳಿಗೆ ಹೇಳಬೇಕಾದ್ದನ್ನು ಬಾಯಲ್ಲಿ ಹೇಳಲಾಗದೆ ಒಂದು ಸ್ಕ್ರಿಪ್ಟ್ ಬರೆದು ತರುತ್ತಾನೆ, ಅವಳು ಆ ಪಾತ್ರ ಬೇಡ ಅನ್ನುತ್ತಾಳೆ. ಥಿಯೇಟರ್‌ನಲ್ಲಿ ಅದನ್ನು ನೋಡುವಾಗ ನನಗೆ ತುಂಬಾ ಕಷ್ಟ ಆಯಿತು. ನಾನೂ ಅಪ್ಪನೂ ಫೋನಿನಲ್ಲಿ ಮಾತಾಡುವುದು ಊಟ ಆಯ್ತಾ, ಮಳೆ ಇದೆಯಾ, ಅಷ್ಟೇ. ಅವರು ಫೋನನ್ನು ಅಮ್ಮನಿಗೆ ಕೊಟ್ಟುಬಿಡುತ್ತಾರೆ.

ನೀವು ಶುರು ಮಾಡುವುದಾದರೆ 'ಲವ್'ನಿಂದ ಮಾಡಿ. ಮೊದಲ ಹತ್ತು ನಿಮಿಷ ನಿಧಾನ ಅನ್ನಿಸಿದರೂ ಬಿಡಬೇಡಿ, ಫೋನು ದೂರ ಇಟ್ಟು ನೋಡಿ. ನೆಸೊಡ್ಡೆನ್ ಬಂತು, ಎಲ್ಲರೂ ಬಸ್ಸಿನ ಕಡೆ ನಡೆಯುತ್ತಿದ್ದಾರೆ. ನಾನು ಇಳಿಯುತ್ತಿಲ್ಲ, ಇದೇ ಫೆರ್ರಿಯಲ್ಲಿ ವಾಪಸ್ ಹೋಗುತ್ತೇನೆ.