ವಿಶ್ವ ಚೆಸ್‌ನ ದೊಡ್ಡ ಚಾಂಪಿಯನ್ ಯಾರು? ಎದುರಾಳಿಯನ್ನು ನೋಡಿ ಹೇಳೋಣ

ಎಲ್ಲರಿಗೂ ನಮಸ್ಕಾರ.

ಪಾವಗಡ, ಶಿರಾ, ಮಧುಗಿರಿ, ತಿಪಟೂರು ಕಡೆಯಿಂದ ಬೆಳಗಿನ ಬಸ್ಸಿಗೇ ಹೊರಟು ತುಮಕೂರಿಗೆ ಬಂದ ಮಕ್ಕಳು ಇಲ್ಲಿ ಕೂತಿದ್ದೀರಿ. ನಿಮ್ಮನ್ನು ಕರೆದುಕೊಂಡು ಬಂದ ಅಪ್ಪ ಅಮ್ಮಂದಿರು, ಮೇಷ್ಟ್ರುಗಳು ಹಿಂದಿನ ಸಾಲಿನಲ್ಲಿದ್ದಾರೆ. ಬಹುಮಾನ ಕೊಡುವ ಮೊದಲು ಸ್ವಲ್ಪ ಹೊತ್ತು ಮಾತಾಡಿ ಅಂತ ಸಂಘಟಕರು ಕೇಳಿದರು. ವಿಷಯ ಹುಡುಕಬೇಕಾಗಲೇ ಇಲ್ಲ. ಊಟದ ಹೊತ್ತಿನಲ್ಲಿ ನೀವೇ ಜೋರಾಗಿ ವಾದ ಮಾಡುತ್ತಿದ್ದಿರಿ. ವಿಶ್ವ ಚಾಂಪಿಯನ್‌ಗಳಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು? ಚಿಕ್ಕವರೆಲ್ಲ ಕಾರ್ಲ್‌ಸನ್ ಅಂದಿರಿ. ಒಬ್ಬ ಹಿರಿಯರು ಫಿಶರ್ ಅಂದರು. ಆನಂದ್ ಹೆಸರು ಬಂದಾಗ ಎಲ್ಲರ ಮುಖವೂ ಅರಳಿತು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಗ್ಯಾರಿ ಕಾಸ್ಪರೋವ್. ಯಾಕೆ ಅಂತ ಕೇಳಿದರೆ ಮಾತ್ರ ನಾನು ಕಾಸ್ಪರೋವ್‌ಗಿಂತ ಜಾಸ್ತಿ ಅನಾತೊಲಿ ಕಾರ್ಪೋವ್ ಬಗ್ಗೆ ಹೇಳಬೇಕಾಗುತ್ತದೆ. ಒಬ್ಬ ಚಾಂಪಿಯನ್‌ನನ್ನು ಅಳೆಯಲು ನಾನು ಕೇಳುವ ಪ್ರಶ್ನೆ ಇಷ್ಟೇ. ಪಟ್ಟವನ್ನು ಯಾರ ಎದುರು ಪಣಕ್ಕಿಟ್ಟರು? ತಮ್ಮ ಕಾಲದ ಅತಿ ಗಟ್ಟಿ ಆಟಗಾರನನ್ನು ಎದುರಿಗೆ ಕೂರಿಸಿಕೊಂಡರಾ? ಗೆದ್ದ ಮೇಲೆ ಅದೇ ಮನುಷ್ಯನಿಗೆ ಮತ್ತೆ ಅವಕಾಶ ಕೊಟ್ಟರಾ?

ಬೇರೆ ಅಳತೆಗಳಿವೆ, ಗೊತ್ತು. ಎಲ್ಲರೂ ಮೊದಲು ಹೇಳುವುದು ರೇಟಿಂಗ್, ಅಂದರೆ ಆಟಗಾರರ ಬಲವನ್ನು ಅಂಕದಲ್ಲಿ ಹೇಳುವ ಲೆಕ್ಕ. ಕಾರ್ಲ್‌ಸನ್ 2014ರಲ್ಲಿ 2882 ಮುಟ್ಟಿದರು. ಕಾಸ್ಪರೋವ್ ಅವರ ಅತಿ ಹೆಚ್ಚು 2851, ಅದು 1999ರಲ್ಲಿ. ಫಿಶರ್ 1972ರಲ್ಲಿ 2785. ಹಾಗಾದರೆ ಕಾರ್ಲ್‌ಸನ್ ದೊಡ್ಡವರು, ವಾದ ಮುಗೀತು ಅಲ್ವಾ? ಇಲ್ಲ. ಎಲೋ ಅಂತ ಕರೆಯುವ ಈ ರೇಟಿಂಗ್ ಲೆಕ್ಕ ಹಾಕುವುದು ಒಂದೇ ಕಾಲದಲ್ಲಿ ಪರಸ್ಪರ ಆಡುವವರ ನಡುವಿನ ಅಂತರವನ್ನು. ನಿಮಗಿಂತ 200 ಅಂಕ ಕಡಿಮೆ ಇರುವವರ ಜೊತೆ ಆಡಿದರೆ ನೂರಕ್ಕೆ ಸುಮಾರು 76ರಷ್ಟು ಅಂಕ ನಿಮಗೆ ಸಿಗಬೇಕು, ಅಷ್ಟನ್ನೇ ಅದು ಹೇಳುತ್ತದೆ. 1972ರ ಒಂದು ರೂಪಾಯಿಯನ್ನೂ ಇವತ್ತಿನ ಒಂದು ರೂಪಾಯಿಯನ್ನೂ ಪಕ್ಕದಲ್ಲಿಟ್ಟು ಯಾವುದು ದೊಡ್ಡದು ಅಂತ ಕೇಳಿದ ಹಾಗೆ ಆಗುತ್ತದೆ ಇದು. ಅಂತರವನ್ನೇ ನೋಡುವುದಾದರೆ ಫಿಶರ್ ಮುಂದೆ ನಿಲ್ಲುತ್ತಾರೆ. 1972ರಲ್ಲಿ ಅವರ ನಂತರದ ಸ್ಥಾನದಲ್ಲಿದ್ದ ಸ್ಪಾಸ್ಕಿ ಅವರ ರೇಟಿಂಗ್ 2660. ಮೊದಲನೆಯವರಿಗೂ ಎರಡನೆಯವರಿಗೂ 125 ಅಂಕ ವ್ಯತ್ಯಾಸ!

ಇನ್ನು ಕಂಪ್ಯೂಟರ್. ಹಳೆಯ ಚಾಂಪಿಯನ್‌ಗಳ ಆಟವನ್ನೆಲ್ಲ ಕಂಪ್ಯೂಟರ್‌ಗೆ ಹಾಕಿ, ಯಾರು ಕಡಿಮೆ ತಪ್ಪು ಮಾಡಿದ್ದಾರೆ ಅಂತ ನೋಡಿದರೆ ಸಾಕಲ್ಲ ಅಂತ ಕೆಲವರು ಹೇಳುತ್ತಾರೆ. 2006ರಲ್ಲಿ ಸ್ಲೊವೇನಿಯಾದ ಇಬ್ಬರು ಸಂಶೋಧಕರು ಇದನ್ನು ಮಾಡಿಯೂ ನೋಡಿದರು. ಮೊದಲು ಬಂದಿದ್ದು ಕ್ಯೂಬಾದ ಕಾಪಾಬ್ಲಾಂಕಾ. ಆಶ್ಚರ್ಯವೇನಿಲ್ಲ. ಅವರು ಕಾಯಿಗಳನ್ನು ಕಡಿದು, ಪಟ ಖಾಲಿ ಮಾಡಿ, ಸರಳ ಸ್ಥಿತಿಗೆ ತಂದು ಗೆಲ್ಲುತ್ತಿದ್ದರು. ಸರಳ ಸ್ಥಿತಿಯಲ್ಲಿ ತಪ್ಪು ಕಡಿಮೆ. ಮಿಖೈಲ್ ತಾಲ್ ಇದಕ್ಕೆ ಪೂರ್ತಿ ಉಲ್ಟಾ. ಬೇಕಂತಲೇ ಕುದುರೆ, ಒಂಟೆ ಬಲಿಕೊಟ್ಟು ಪಟವನ್ನೆಲ್ಲ ಗೋಜಲು ಮಾಡಿ, ಎದುರಿನವರಿಗೆ ಉಸಿರಾಡಲೂ ಬಿಡುತ್ತಿರಲಿಲ್ಲ. ಕಂಪ್ಯೂಟರ್ ಕಣ್ಣಿಗೆ ಅದು ತಪ್ಪು. ಎದುರಿಗೆ ಕೂತ ಮನುಷ್ಯನಿಗೆ, ಗಡಿಯಾರ ಓಡುತ್ತಿರುವಾಗ, ಅದು ಬಿಡಿಸಲಾಗದ ಕಗ್ಗಂಟು. ಹಾಗಾಗಿ ನಾನು ಮತ್ತೆ ಎದುರಾಳಿಯ ಹತ್ತಿರವೇ ಬರುತ್ತೇನೆ.

ವಿಶ್ವ ಪಟ್ಟಕ್ಕಾಗಿ ಮೊದಲ ಅಧಿಕೃತ ಪಂದ್ಯ, ಅಂದರೆ ಇಬ್ಬರೇ ಕೂತು ಹಲವು ಆಟ ಆಡುವ ಸ್ಪರ್ಧೆ, ನಡೆದದ್ದು 1886ರಲ್ಲಿ. ಸ್ಟೈನಿಟ್ಜ್ ಅವರು ಜುಕರ್‌ಟಾರ್ಟ್ ಅವರನ್ನು ಸೋಲಿಸಿದರು. ಅಲ್ಲಿಂದ 1946ರವರೆಗೆ ಪಟ್ಟ ಅನ್ನುವುದು ಚಾಂಪಿಯನ್‌ನ ಸ್ವಂತ ಆಸ್ತಿಯ ಥರ ಇತ್ತು. ಯಾರ ಜೊತೆ ಆಡಬೇಕು, ಎಷ್ಟು ಹಣ ತರಬೇಕು, ಎಲ್ಲ ಚಾಂಪಿಯನ್ ಹೇಳಿದ್ದೇ. ಎಮಾನುಯೆಲ್ ಲಾಸ್ಕರ್ 1894ರಿಂದ 1921ರವರೆಗೆ, 27 ವರ್ಷ ಚಾಂಪಿಯನ್ ಆಗಿದ್ದರು. ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಆದರೆ ಸ್ಟೈನಿಟ್ಜ್ ಜೊತೆಗಿನ ಮರುಪಂದ್ಯ 1897ರಲ್ಲಿ ಮುಗಿದ ಮೇಲೆ 1907ರವರೆಗೆ ಅವರು ಪಟ್ಟಕ್ಕಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಲಾಸ್ಕರ್ ಬಗ್ಗೆ ನನಗೆ ಬಹಳ ಗೌರವವಿದೆ. 1924ರಲ್ಲಿ, 55ನೇ ವಯಸ್ಸಿನಲ್ಲಿ, ಕಾಪಾಬ್ಲಾಂಕಾ ಮತ್ತು ಅಲೆಖಿನ್ ಇಬ್ಬರನ್ನೂ ಹಿಂದೆ ಹಾಕಿ ನ್ಯೂಯಾರ್ಕ್ ಟೂರ್ನಿ ಗೆದ್ದವರು ಅವರು. ಆದರೂ ಆ 27 ವರ್ಷವನ್ನು ಹಾಗೇ ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅಲೆಖಿನ್ ವಿಷಯದಲ್ಲಿ ನನಗೆ ನಿಜವಾಗಿಯೂ ಬೇಸರವಿದೆ. 1927ಕ್ಕೆ ಮೊದಲು ಅವರು ಕಾಪಾಬ್ಲಾಂಕಾ ವಿರುದ್ಧ ಒಂದು ಆಟವನ್ನೂ ಗೆದ್ದಿರಲಿಲ್ಲ. ಕಾಪಾಬ್ಲಾಂಕಾ ಆದರೋ 1916ರಿಂದ 1924ರವರೆಗೆ ಎಂಟು ವರ್ಷ ಒಂದೇ ಒಂದು ಆಟ ಸೋಲದೆ ಇದ್ದವರು. ಬ್ಯೂನಸ್ ಐರಿಸ್‌ನಲ್ಲಿ 34 ಆಟ ನಡೆಯಿತು. ಅಲೆಖಿನ್ ಆರು ಗೆದ್ದರು, ಮೂರು ಸೋತರು, 25 ಡ್ರಾ. ಚೆಸ್ ಚರಿತ್ರೆಯ ಅತಿ ದೊಡ್ಡ ಗೆಲುವುಗಳಲ್ಲಿ ಅದು ಒಂದು. ಅದಾದ ಮೇಲೆ ಏನು ಮಾಡಿದರು? ಕಾಪಾಬ್ಲಾಂಕಾಗೆ ಮರುಪಂದ್ಯ ಕೊಡಲೇ ಇಲ್ಲ. 1929ರಲ್ಲಿ ಬೊಗೊಲ್ಯುಬೊವ್ ಜೊತೆ ಆಡಿದರು, 1934ರಲ್ಲಿ ಮತ್ತೆ ಅವರ ಜೊತೆಯೇ ಆಡಿದರು. ಜಗತ್ತೆಲ್ಲ ನೋಡಲು ಕಾಯುತ್ತಿದ್ದ ಪಂದ್ಯ ನಡೆಯದೇ ಹೋಯಿತು. ಇದು ಚೆಸ್‌ಗೆ ಆದ ನಷ್ಟ.

ಆ ಕಾಲದಲ್ಲಿ ಹಣವಿಲ್ಲದವರಿಗೆ ಬಾಗಿಲೇ ತೆರೆಯುತ್ತಿರಲಿಲ್ಲ. ನಮ್ಮ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಅವರ ಹೆಸರು ಕೇಳಿದ್ದೀರಾ ಮಕ್ಕಳೇ? ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುವ ನಮ್ಮ ಹಳೇ ಚದುರಂಗದಲ್ಲಿ ಬೆಳೆದವರು. ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಕಾಪಾಬ್ಲಾಂಕಾ ಅವರನ್ನೂ ಸೋಲಿಸಿದರು. ಆಮೇಲೆ ಊರಿಗೆ ವಾಪಸ್ ಬಂದರು, ಅಷ್ಟೇ. ಅವರನ್ನು ಪಟ್ಟದ ಪಂದ್ಯಕ್ಕೆ ಕರೆಯುವವರು ಯಾರಿದ್ದರು?

1948ರಿಂದ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ಪದ್ಧತಿ ಬಂತು. ಯಾರ ಜೊತೆ ಆಡಬೇಕೆಂದು ಚಾಂಪಿಯನ್ ಆರಿಸುವ ಕಾಲ ಮುಗಿಯಿತು. ಅರ್ಹತಾ ಟೂರ್ನಿ ಗೆದ್ದು ಬಂದವರ ಜೊತೆ ಆಡಲೇಬೇಕು. ಬೊಟ್ವಿನಿಕ್ ಅವರ ದಾಖಲೆ ನೋಡಿದರೆ ಈ ಬದಲಾವಣೆ ಎಷ್ಟು ಕಠಿಣ ಅಂತ ಗೊತ್ತಾಗುತ್ತದೆ. ಪಟ್ಟ ಉಳಿಸಿಕೊಳ್ಳಲು ಆಡಿದ ಪಂದ್ಯಗಳಲ್ಲಿ ಅವರು ಒಂದನ್ನೂ ಗೆಲ್ಲಲಿಲ್ಲ! 1951ರಲ್ಲಿ ಬ್ರಾನ್‌ಸ್ಟೈನ್ ಜೊತೆ ಸಮ, 1954ರಲ್ಲಿ ಸ್ಮಿಸ್ಲೊವ್ ಜೊತೆ ಸಮ. 1957, 1960, 1963ರಲ್ಲಿ ಸೋಲು. ಆದರೆ 1958ರಲ್ಲಿ ಸ್ಮಿಸ್ಲೊವ್ ಅವರನ್ನೂ 1961ರಲ್ಲಿ ತಾಲ್ ಅವರನ್ನೂ ಮರುಪಂದ್ಯದಲ್ಲಿ ಸೋಲಿಸಿ ಪಟ್ಟ ವಾಪಸ್ ಪಡೆದರು. ಎರಡನೇ ಸಲ ಗೆದ್ದಾಗ ಅವರಿಗೆ 49 ವರ್ಷ. ತಾಲ್ ಅವರಿಗೆ ಇನ್ನೂ 24. ತನ್ನನ್ನು ಸೋಲಿಸಿದವನ ಆಟವನ್ನು ಒಂದು ವರ್ಷ ಕೂತು ಓದಿ, ಮತ್ತೆ ಬಂದು ಗೆಲ್ಲುವುದು ಸಣ್ಣ ಮಾತಲ್ಲ.

ಫಿಶರ್ ಅಭಿಮಾನಿಗಳಿಗೆ ನನ್ನ ಮೇಲೆ ಸಿಟ್ಟು ಬರಬಹುದು. 1971ರಲ್ಲಿ ತೈಮನೊವ್ ಅವರನ್ನು 6-0, ಲಾರ್ಸೆನ್ ಅವರನ್ನು 6-0 ಸೋಲಿಸಿದ ಆಟದ ಮುಂದೆ ನಾನೂ ಕೈಮುಗಿಯುತ್ತೇನೆ. ಆ ಮಟ್ಟದಲ್ಲಿ ಅಂಥದ್ದು ಮತ್ತೆ ಆಗಿಲ್ಲ. 1972ರಲ್ಲಿ ರೇಕ್ಯಾವಿಕ್‌ನಲ್ಲಿ ಚಾಂಪಿಯನ್ ಸ್ಪಾಸ್ಕಿ ಎದುರು ಮೊದಲ ಆಟ ಸೋತು, ಎರಡನೇ ಆಟಕ್ಕೆ ಬರದೆ 0-2 ಹಿಂದಿದ್ದವರು 12.5-8.5ರಿಂದ ಗೆದ್ದರು. ಆದರೆ 1975ರಲ್ಲಿ ಎದುರಿಗೆ ಬಂದಿದ್ದು ಕಾರ್ಪೋವ್. ಹತ್ತು ಗೆಲುವಿನವರೆಗೆ ಪಂದ್ಯ ನಡೆಯಬೇಕು, 9-9 ಆದರೆ ಪಟ್ಟ ತನ್ನಲ್ಲೇ ಉಳಿಯಬೇಕು ಅಂತ ಫಿಶರ್ ಹಟ ಹಿಡಿದರು. ಫಿಡೆ ಪೂರ್ತಿ ಒಪ್ಪಲಿಲ್ಲ. ಅವರು ಆಡಲೇ ಇಲ್ಲ. ಆಡಿದ್ದರೆ ಯಾರು ಗೆಲ್ಲುತ್ತಿದ್ದರು ಅನ್ನುವ ವಾದ ಬೇಡ. ಗಟ್ಟಿ ಎದುರಾಳಿ ಬಂದ ದಿನ ಅವರು ಕುರ್ಚಿಯಲ್ಲಿ ಇರಲಿಲ್ಲ, ನನಗೆ ಅದು ಮುಖ್ಯ.

ಈಗ ಕಾಸ್ಪರೋವ್ ಮತ್ತು ಕಾರ್ಪೋವ್. ಇದನ್ನು ನಿಧಾನವಾಗಿ ಹೇಳುತ್ತೇನೆ.

1984ರ ಸೆಪ್ಟೆಂಬರ್, ಮಾಸ್ಕೋ. ಮೊದಲು ಆರು ಆಟ ಗೆದ್ದವರು ಚಾಂಪಿಯನ್, ಡ್ರಾ ಲೆಕ್ಕಕ್ಕಿಲ್ಲ. ಕಾಸ್ಪರೋವ್‌ಗೆ 21 ವರ್ಷ. ಒಂಬತ್ತು ಆಟ ಆಗುವಷ್ಟರಲ್ಲಿ ಕಾರ್ಪೋವ್ 4-0 ಮುಂದೆ. ಹುಡುಗನ ಕಥೆ ಮುಗೀತು ಅಂತಲೇ ಎಲ್ಲರೂ ಅಂದುಕೊಂಡರು. ಆಗ ಕಾಸ್ಪರೋವ್ ತಮ್ಮ ಸ್ವಭಾವಕ್ಕೇ ವಿರುದ್ಧವಾದ ಕೆಲಸ ಮಾಡಿದರು. ದಾಳಿ ನಿಲ್ಲಿಸಿದರು. ಸೋಲದೆ ಇರುವುದನ್ನು ಕಲಿಯಲು ಶುರು ಮಾಡಿದರು. ಸಾಲಾಗಿ 17 ಆಟ ಡ್ರಾ. 27ನೇ ಆಟ ಕಾರ್ಪೋವ್ ಗೆದ್ದು 5-0 ಮಾಡಿದರು. ಇನ್ನು ಒಂದೇ ಒಂದು ಗೆಲುವು ಬೇಕು. ಅದು ಬರಲೇ ಇಲ್ಲ. 32ನೇ ಆಟ ಕಾಸ್ಪರೋವ್ ಗೆದ್ದರು. ಮತ್ತೆ ಡ್ರಾಗಳ ಸಾಲು. 47, 48ನೇ ಆಟಗಳನ್ನೂ ಕಾಸ್ಪರೋವ್ ಗೆದ್ದರು. 5-3. ಐದು ತಿಂಗಳು ಕಳೆದಿತ್ತು. 1985ರ ಫೆಬ್ರವರಿಯಲ್ಲಿ ಫಿಡೆ ಅಧ್ಯಕ್ಷ ಕಂಪೊಮನೆಸ್ ಪಂದ್ಯವನ್ನೇ ನಿಲ್ಲಿಸಿಬಿಟ್ಟರು. ಇಬ್ಬರಲ್ಲಿ ಯಾರಿಗೆ ಅನ್ಯಾಯವಾಯಿತು ಅಂತ ಇವತ್ತಿಗೂ ಜನ ವಾದ ಮಾಡುತ್ತಾರೆ.

ಅದೇ ವರ್ಷ ಹೊಸ ಪಂದ್ಯ, ಈ ಸಲ 24 ಆಟ. 16ನೇ ಆಟವನ್ನು ಇಲ್ಲಿರುವ ಪ್ರತಿಯೊಬ್ಬ ಹುಡುಗ, ಹುಡುಗಿ ಮನೆಗೆ ಹೋಗಿ ಪಟದ ಮೇಲೆ ಆಡಿ ನೋಡಬೇಕು. ಕಾಸ್ಪರೋವ್ ಕರಿಕಾಯಿ. ಒಂದು ಕಾಲಾಳನ್ನು ಬಿಟ್ಟುಕೊಟ್ಟು ಕುದುರೆಯನ್ನು ಬಿಳಿಯವರ ಮನೆಯೊಳಗೆ, ಡಿ3 ಅನ್ನುವ ಚೌಕದಲ್ಲಿ, ತಂದು ಕೂರಿಸುತ್ತಾರೆ. ಆ ಕುದುರೆಯನ್ನು ಓಡಿಸಲು ಕಾರ್ಪೋವ್‌ಗೆ ದಾರಿಯೇ ಸಿಗುವುದಿಲ್ಲ. ಆನೆಗಳು ಹಿಂದಿನ ಸಾಲಿನಲ್ಲೇ ಉಸಿರುಕಟ್ಟಿ ನಿಲ್ಲುತ್ತವೆ. ಕೊನೆಯ ಆಟಕ್ಕೆ ಬಂದಾಗ 12-11. ಕಾರ್ಪೋವ್ ಗೆದ್ದರೆ ಸಮ, ಸಮವಾದರೆ ಪಟ್ಟ ಅವರಲ್ಲೇ. ಕಾಸ್ಪರೋವ್ ಆ ಆಟವನ್ನೂ ಕರಿಕಾಯಿಯಲ್ಲಿ ಗೆದ್ದು 22ನೇ ವಯಸ್ಸಿಗೆ ಚಾಂಪಿಯನ್ ಆದರು.

ಅಲೆಖಿನ್ ಇಲ್ಲಿಗೆ ನಿಲ್ಲಿಸುತ್ತಿದ್ದರು. ಕಾಸ್ಪರೋವ್‌ಗೆ 1986ರಲ್ಲಿ ಮತ್ತೆ ಕಾರ್ಪೋವ್. ಮೂರು ಆಟ ಸಾಲಾಗಿ ಸೋತರೂ 12.5-11.5ರಿಂದ ಪಟ್ಟ ಉಳಿಸಿಕೊಂಡರು. 1987ರಲ್ಲಿ ಸೆವಿಲ್‌ನಲ್ಲಿ 23ನೇ ಆಟವನ್ನು ಸೋತು, ಕೊನೆಯ ಆಟ ಗೆಲ್ಲಲೇಬೇಕಾದ ಸ್ಥಿತಿಗೆ ಬಂದರು. ಅಂಥ ಹೊತ್ತಿನಲ್ಲಿ ಎಲ್ಲರೂ ದಾಳಿಗೆ ಇಳಿಯುತ್ತಾರೆ. ಕಾಸ್ಪರೋವ್ ಸುಮ್ನೆ ನಿಧಾನವಾಗಿ ಒತ್ತಡ ಹಾಕಿದರು, ಕಾರ್ಪೋವ್ ಅವರದ್ದೇ ಶೈಲಿಯಲ್ಲಿ. ಗೆದ್ದರು, 12-12. ಪಟ್ಟ ಉಳಿಯಿತು. 1990ರಲ್ಲಿ ಮತ್ತೊಮ್ಮೆ ಅದೇ ಇಬ್ಬರು. ಐದು ಪಂದ್ಯ ಸೇರಿ 144 ಆಟ. ಕಾಸ್ಪರೋವ್ ಗೆಲುವು 21, ಕಾರ್ಪೋವ್ ಗೆಲುವು 19, ಡ್ರಾ 104. ಈ 21 ಮತ್ತು 19 ನೋಡಿ. ವ್ಯತ್ಯಾಸ ಎರಡೇ ಆಟ! ಇಷ್ಟು ಗಟ್ಟಿ ಎದುರಾಳಿಯ ಮುಂದೆ ಇಷ್ಟು ಸಲ ಪಟ್ಟ ಪಣಕ್ಕಿಟ್ಟು ಉಳಿಸಿಕೊಂಡವರು ಬೇರೆ ಯಾರೂ ಇಲ್ಲ. ಕಾರ್ಪೋವ್ ಹೆಸರು ಹತ್ತರ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಬರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅವರನ್ನು ಮೊದಲ ಐದರಲ್ಲಿ ಇಡದ ಪಟ್ಟಿಯನ್ನು ನಾನು ಒಪ್ಪುವುದಿಲ್ಲ.

ನನ್ನ ಅಳತೆಯಲ್ಲಿ ಕಾಸ್ಪರೋವ್‌ಗೂ ಒಂದು ಕಪ್ಪು ಚುಕ್ಕೆ ಇದೆ, ಅದನ್ನು ಮುಚ್ಚಿಡಬಾರದು. 1993ರಲ್ಲಿ ಸವಾಲುಗಾರ ಶಾರ್ಟ್ ಜೊತೆ ಸೇರಿ ಫಿಡೆಯಿಂದ ಹೊರಗೆ ಹೋದ ಮೇಲೆ ಎದುರಾಳಿಯ ಆಯ್ಕೆ ಮತ್ತೆ ಹಳೆಯ ಕಾಲದ ಥರ ಆಯಿತು. 1998ರಲ್ಲಿ ಸವಾಲುಗಾರನನ್ನು ಆರಿಸುವ ಪಂದ್ಯದಲ್ಲಿ ಶಿರೊವ್ ಅವರು ಕ್ರಾಮ್ನಿಕ್ ಅವರನ್ನು ಸೋಲಿಸಿದರು. ಕಾಸ್ಪರೋವ್ ಜೊತೆ ಆಡುವ ಅವಕಾಶ ಅವರಿಗೆ ಸಿಗಬೇಕಿತ್ತು. ಸಿಗಲಿಲ್ಲ. 2000ದಲ್ಲಿ ಆಡಿದ್ದು ಸೋತಿದ್ದ ಕ್ರಾಮ್ನಿಕ್. ಕಾಸ್ಪರೋವ್ ಒಂದು ಆಟವನ್ನೂ ಗೆಲ್ಲದೆ ಪಟ್ಟ ಕಳೆದುಕೊಂಡರು.

ಆನಂದ್ ವಿಷಯ ಹೇಳದಿದ್ದರೆ ನೀವು ನನ್ನನ್ನು ಹೊರಗೆ ಬಿಡುವುದಿಲ್ಲ. ನಾಕೌಟ್, ಟೂರ್ನಿ, ಪಂದ್ಯ, ಮೂರು ಪದ್ಧತಿಯಲ್ಲೂ ವಿಶ್ವ ಪಟ್ಟ ಗೆದ್ದವರು ಅವರೊಬ್ಬರೇ. ನನಗೆ ಅದಕ್ಕಿಂತ ದೊಡ್ಡದು 2008 ಮತ್ತು 2010. 2008ರಲ್ಲಿ ಬಾನ್‌ನಲ್ಲಿ ಎದುರಿಗೆ ಕ್ರಾಮ್ನಿಕ್, ಕಾಸ್ಪರೋವ್ ಅವರನ್ನು ಸೋಲಿಸಿದ ಅದೇ ಕ್ರಾಮ್ನಿಕ್. ಯಾವಾಗಲೂ ರಾಜನ ಕಾಲಾಳನ್ನು ಮುಂದೆ ತಳ್ಳಿ ಶುರು ಮಾಡುತ್ತಿದ್ದ ಆನಂದ್ ಆ ಪಂದ್ಯಕ್ಕೆ ಆರಂಭವನ್ನೇ ಬದಲಿಸಿದರು. ಕರಿಕಾಯಿಯಲ್ಲೇ ಎರಡು ಆಟ ಗೆದ್ದರು. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿಯಿಂದ ವಿಮಾನಗಳೆಲ್ಲ ನಿಂತು, ಜರ್ಮನಿಯಿಂದ ರಸ್ತೆಯಲ್ಲೇ ಬಲ್ಗೇರಿಯಾದ ಸೋಫಿಯಾ ತಲುಪಿದರು. ಅದು ಎದುರಾಳಿ ಟೊಪಾಲೊವ್ ಅವರ ಸ್ವಂತ ದೇಶ. ಮೊದಲ ಆಟ ಸೋಲು. ಕೊನೆಯ 12ನೇ ಆಟವನ್ನು ಕರಿಕಾಯಿಯಲ್ಲಿ ಗೆದ್ದು ಪಟ್ಟ ಉಳಿಸಿಕೊಂಡರು. 2013ರಲ್ಲಿ ಚೆನ್ನೈನಲ್ಲಿ ಕಾರ್ಲ್‌ಸನ್‌ಗೆ ಸೋತರು, ಮರು ವರ್ಷವೇ ಅರ್ಹತಾ ಟೂರ್ನಿ ಗೆದ್ದು ಮತ್ತೆ ಅವರೆದುರು ಕೂತರು. ನಮ್ಮವರು ಅನ್ನುವ ಪ್ರೀತಿಯನ್ನು ಪಕ್ಕಕ್ಕಿಟ್ಟರೂ ಆನಂದ್ ನನ್ನ ಪಟ್ಟಿಯಲ್ಲಿ ಬಹಳ ಮೇಲಿದ್ದಾರೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಹಂಗೇರಿಯ ಯೂದಿತ್ ಪೋಲ್ಗಾರ್ ಮಹಿಳಾ ವಿಶ್ವ ಪಟ್ಟಕ್ಕಾಗಿ ಆಡಲೇ ಇಲ್ಲ. ಸುಲಭವಾಗಿ ಸಿಗಬಹುದಾಗಿದ್ದ ಪಟ್ಟ ಬಿಟ್ಟು ಗಟ್ಟಿ ಎದುರಾಳಿಗಳನ್ನೇ ಆರಿಸಿಕೊಂಡರು. 2002ರಲ್ಲಿ ಕಡಿಮೆ ಸಮಯದ ರ‍್ಯಾಪಿಡ್ ಆಟದಲ್ಲಿ ಕಾಸ್ಪರೋವ್ ಅವರನ್ನೇ ಸೋಲಿಸಿದರು. ಪಟ್ಟವಿಲ್ಲದಿದ್ದರೂ ನನ್ನ ಅಳತೆಯಲ್ಲಿ ಅವರು ಹಲವು ಚಾಂಪಿಯನ್‌ಗಳಿಗಿಂತ ಮುಂದೆ.

ಉಳಿದದ್ದು ಕಾರ್ಲ್‌ಸನ್. ನನ್ನ ವಾದಕ್ಕೆ ಅತಿ ಕಷ್ಟ ಕೊಡುವವರು ಇವರೇ. ಹತ್ತು ವರ್ಷ ಚಾಂಪಿಯನ್. 2011ರ ಜುಲೈಯಿಂದ ರೇಟಿಂಗ್‌ನಲ್ಲಿ ಸತತ ಮೊದಲ ಸ್ಥಾನ. 2018ರಿಂದ 2020ರವರೆಗೆ 125 ಆಟ ಸೋಲಿಲ್ಲದೆ ಆಡಿದರು. ಒಂದು ಕೂದಲೆಳೆಯಷ್ಟು ಮೇಲುಗೈ ಇದ್ದರೂ ಅದನ್ನು ಗಂಟೆಗಟ್ಟಲೆ ಹಿಂಡಿ ಗೆಲ್ಲುವುದರಲ್ಲಿ ಅವರಿಗೆ ಸಮ ಯಾರೂ ಇಲ್ಲ. 2021ರಲ್ಲಿ ನೆಪೊಮ್ನಿಯಾಚಿ ಅವರನ್ನು ಆರನೇ ಆಟದಲ್ಲಿ 136 ನಡೆಗಳ ನಂತರ ಸೋಲಿಸಿದ್ದು ಹಾಗೇ. ಆದರೆ ಅವರಿಗೆ ಒಬ್ಬ ಕಾರ್ಪೋವ್ ಸಿಗಲಿಲ್ಲ. 2018ರಲ್ಲಿ ಕರುವಾನ ಹತ್ತಿರ ಬಂದರು, 12 ಆಟವೂ ಡ್ರಾ ಆದವು. ರ‍್ಯಾಪಿಡ್‌ನಲ್ಲಿ 3-0 ಆಗಿ ಮುಗಿಯಿತು. ಕೊನೆಗೆ, ಆಡುವ ಹುರುಪು ಉಳಿದಿಲ್ಲ ಅಂತ 2023ರಲ್ಲಿ ಪಟ್ಟವನ್ನೇ ಬಿಟ್ಟರು. ಹೊಸ ಪೀಳಿಗೆಯ ಫಿರೋಜಾ ಬಂದರೆ ಆಡುತ್ತೇನೇನೋ ಅಂತ ಮೊದಲೇ ಹೇಳಿದ್ದರು. ಅವರೂ ಎದುರಾಳಿಯನ್ನೇ ಹುಡುಕುತ್ತಿದ್ದರು ಅಂತ ನನಗೆ ಅನಿಸುತ್ತದೆ. ಅವರು ಬಿಟ್ಟ ಕುರ್ಚಿಗೆ ಡಿಂಗ್ ಲಿರೆನ್ ಬಂದರು. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ನಮ್ಮ ಗುಕೇಶ್, 18ನೇ ವಯಸ್ಸಿಗೆ, ಡಿಂಗ್ ಅವರನ್ನು ಸೋಲಿಸಿ ಕಾಸ್ಪರೋವ್ ಅವರ 22ರ ದಾಖಲೆ ಮುರಿದರು.

ಹಾಗಾಗಿ ಕಾಸ್ಪರೋವ್ ಮೊದಲು, ಕಾರ್ಲ್‌ಸನ್ ಎರಡನೆಯವರು. ಅಂತರ ಬಹಳ ಕಡಿಮೆ. ಮೂರನೇ ಜಾಗವನ್ನು ನಾನು ಕಾರ್ಪೋವ್‌ಗೆ ಕೊಡುತ್ತೇನೆ. ಬಹುಮಾನ ಕೊಡಲು ಇನ್ನೂ ಸ್ವಲ್ಪ ಸಮಯವಿದೆ ಅಂತ ಸಂಘಟಕರು ಕೈಸನ್ನೆ ಮಾಡುತ್ತಿದ್ದಾರೆ. ಕಾರ್ಲ್‌ಸನ್ ಪರ ಇರುವವರು ಮೊದಲು ಮಾತಾಡಿ. ಮೂರನೇ ಸಾಲಿನಲ್ಲಿ ಆಗಿನಿಂದ ಕೈ ಎತ್ತಿಕೊಂಡೇ ಕೂತಿರುವ ಆ ಹುಡುಗಿಗೆ ಮೈಕ್ ಕೊಡಿ.