ಕೊವೆಂಟ್ರಿ ಹುಡುಗ್ರ ಕುಣಿತ, ಕೊವೆಂಟ್ರಿ ಹುಡುಗ್ರ ಜಗಳ: ದಿ ಸ್ಪೆಷಲ್ಸ್

ಎಲ್ರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸ್ತಿದ್ಯಾ? ಸರಿ. ಮಾತು ಶುರು ಮಾಡೋಕೆ ಮುಂಚೆ ಎಲ್ರೂ ಕಾಲಲ್ಲಿ ನಾಲ್ಕು ಎಣಿಸಿ, ಒಂದು, ಎರಡು, ಮೂರು, ನಾಲ್ಕು. ಈಗ ಕಾಲು ನೆಲಕ್ಕೆ ಬಿದ್ದಾಗ ಚಪ್ಪಾಳೆ ತಟ್ಟಬೇಡಿ, ಕಾಲು ಮೇಲೆದ್ದಾಗ ತಟ್ಟಿ. ಹಾಂ, ಅಷ್ಟೇ. ತಪ್ಪಿದ್ರೂ ಪರ್ವಾಗಿಲ್ಲ, ನಾನೂ ಮೊದಲ ಸಲ ತಪ್ಪಿದ್ದೆ. ಆ ಚಪ್ಪಾಳೆ ಜಾಗದಲ್ಲಿ ಗಿಟಾರ್ ಚಕ್ ಚಕ್ ಅಂತ ಬಂದ್ರೆ ಅದೇ ಸ್ಕಾ, ಜಮೈಕಾದಲ್ಲಿ 1950ರ ದಶಕದ ಕೊನೆಗೆ ಹುಟ್ಟಿದ ಸಂಗೀತ, ರೆಗೇಗೆ ದೊಡ್ಡಣ್ಣ ಇದ್ದ ಹಾಗೆ. ಇದಕ್ಕೆ ಪಂಕ್ ಅನ್ನೋ ಒರಟು ರಾಕ್‌ನ ಸ್ಪೀಡು, ಸಿಟ್ಟು ಸೇರಿಸಿದ್ರೆ ಸ್ಕಾ-ಪಂಕ್. ಬ್ರಿಟನ್‌ನಲ್ಲಿ ಈ ದಾರಿಗೆ ಕಲ್ಲು ಹಾಸಿದವ್ರಲ್ಲಿ ಮೊದಲು ನೆನಪಾಗೋದು ದಿ ಸ್ಪೆಷಲ್ಸ್ ಅನ್ನೋ ಬ್ಯಾಂಡ್, ಆಗಿನ ಜನ ಈ ಥರದ ಸಂಗೀತನ ಟೂ-ಟೋನ್ ಅಂತಿದ್ರು.

ಊರು ಇಂಗ್ಲೆಂಡಿನ ಕೊವೆಂಟ್ರಿ. 1940ರಲ್ಲಿ ಜರ್ಮನ್ ಬಾಂಬ್ ಬಿದ್ದು ನೆಲಸಮ ಆಗಿ, ಮತ್ತೆ ಕಟ್ಟಿಕೊಂಡು, ಕಾರ್ ಫ್ಯಾಕ್ಟರಿಗಳಿಂದ ದುಡ್ಡು ನೋಡಿದ ಊರು, ಆ ಕೆಲಸಕ್ಕೆ ಅಂತ ಜಮೈಕಾದಿಂದ, ಪಂಜಾಬಿಂದ ಎಲ್ಲ ಜನ ಬಂದು ಸೇರಿದ್ರು, ಎಪ್ಪತ್ತರ ದಶಕದ ಕೊನೆಗೆ ಫ್ಯಾಕ್ಟರಿಗಳು ಸೊರಗೋಕೆ ಶುರು ಆದಾಗ ಬಿಳಿ ಹುಡುಗ್ರಿಗೂ ಕೆಲಸ ಇಲ್ಲ, ಕಪ್ಪು ಹುಡುಗ್ರಿಗಂತೂ ಇಲ್ವೇ ಇಲ್ಲ. ಬ್ಯಾಂಡ್ ಕಟ್ಟಿದ ಜೆರ್ರಿ ಡ್ಯಾಮರ್ಸ್ ಹುಟ್ಟಿದ್ದು ಎಲ್ಲಿ ಗೊತ್ತಾ? ಊಟಿಯಲ್ಲಿ! 1955ರಲ್ಲಿ. ಅಪ್ಪ ಪಾದ್ರಿ, ಆಗ ದಕ್ಷಿಣ ಭಾರತದಲ್ಲಿ ಕೆಲಸದಲ್ಲಿದ್ರು. ನಾವು ಬಂಡೀಪುರ ದಾಟಿ ಹೋಗಿ ಬೋಟಲ್ಲಿ ಕೂತು ಫೋಟೋ ತೆಗೆಸ್ಕೊಂಡು ಬರೋ ಊರಲ್ಲಿ ಹುಟ್ಟಿದ ಮಗು ಮುಂದೆ ಇಂಗ್ಲೆಂಡಲ್ಲಿ ಮುಂದಿನ ಎರಡು ಹಲ್ಲಿಲ್ಲದ ನಗು ನಗ್ತಾ ಆರ್ಗನ್ ಬಾರಿಸ್ತು. ಇದಕ್ಕಿಂತ ಜಾಸ್ತಿ ಊಟಿ ನಂಟು ಎಳೆಯಲ್ಲ ಬಿಡಿ, ಅವ್ರು ಬೆಳೆದದ್ದೆಲ್ಲ ಇಂಗ್ಲೆಂಡಲ್ಲೇ.

1977ರಲ್ಲಿ ಶುರು. ಪಾಲಿಟೆಕ್ನಿಕ್‌ನಲ್ಲಿ ಪರಿಚಯ ಆದ ಹೊರೇಸ್ ಪ್ಯಾಂಟರ್ ಬೇಸ್, ಲಿನ್ವಲ್ ಗೋಲ್ಡಿಂಗ್ ಗಿಟಾರ್, ರಾಡಿ ಬೈಯರ್ಸ್ ಇನ್ನೊಂದು ಗಿಟಾರ್, ಆಮೇಲೆ ಹಾಡೋಕೆ ಟೆರ್ರಿ ಹಾಲ್, ಡ್ರಮ್ಸ್‌ಗೆ ಜಾನ್ ಬ್ರಾಡ್ಬರಿ. ನೆವಿಲ್ ಸ್ಟೇಪಲ್ ಬಂದಿದ್ದು ಸಾಮಾನು ಹೊರೋಕೆ, ಮೈಕ್ ಹಿಡಿದು ಕೂಗೋಕೆ ಶುರು ಮಾಡಿದವ್ರು ಸ್ಟೇಜ್ ಬಿಟ್ಟು ಇಳೀಲೇ ಇಲ್ಲ. ಆರಂಭದಲ್ಲಿ ಒಂದೇ ಹಾಡಲ್ಲಿ ಸ್ವಲ್ಪ ಹೊತ್ತು ಪಂಕ್, ಸ್ವಲ್ಪ ಹೊತ್ತು ರೆಗೇ ಬಾರಿಸ್ತಿದ್ರಂತೆ, ಎಣ್ಣೆ ಸೀಗೆಕಾಯಿ ಕಲಸಿದ ಹಾಗೆ, ಕುಣಿಯೋರಿಗೆ ಯಾವ ಕಾಲು ಎತ್ತಬೇಕು ಗೊತ್ತಾಗ್ತಿರ್ಲಿಲ್ಲ. ರೆಗೇ ಬಿಟ್ಟು ಅದರ ಹಿಂದಿನ ಸ್ಕಾಗೆ ಹೋದಾಗ ಎರಡೂ ಕೂಡ್ಕೊಂಡ್ವು, ಯಾಕಂದ್ರೆ ಸ್ಕಾ ಮೊದಲೇ ಫಾಸ್ಟು. ಎಷ್ಟು ಸರಳ ನೋಡಿ, ಹೊಳೆಯೋಕೆ ಟೈಮ್ ಬೇಕಾಯ್ತು ಅಷ್ಟೇ.

1978ರಲ್ಲಿ ಕ್ಲ್ಯಾಶ್ ಅನ್ನೋ ಪಂಕ್ ಬ್ಯಾಂಡ್ ಜೊತೆ ಟೂರ್ ಹೋದ್ರು, ಅಲ್ಲಿ ಬೋಳುತಲೆ ಸ್ಕಿನ್‌ಹೆಡ್ ಹುಡುಗ್ರ ಗಲಾಟೆ ಕಣ್ಣಾರೆ ನೋಡಿದ್ರು. 1979ರಲ್ಲಿ ಡ್ಯಾಮರ್ಸ್ ಟೂ-ಟೋನ್ ಅಂತ ಸ್ವಂತ ಲೇಬಲ್, ಅಂದ್ರೆ ರೆಕಾರ್ಡ್ ಕಂಪನಿ ಮಾಡಿದ್ರು, ಅದರ ಗುರುತು ಕಪ್ಪು ಬಿಳಿ ಚೌಕಳಿ, ಸೂಟು ಹಾಕಿದ ಒಬ್ಬ ಕಾರ್ಟೂನ್ ಮನುಷ್ಯ, ಅದು ಜಮೈಕಾದ ರೆಗೇ ಗಾಯಕ ಪೀಟರ್ ಟಾಶ್ ಅವರ ಹಳೇ ಫೋಟೋ ನೋಡಿ ಬರೆದದ್ದು. ಮ್ಯಾಡ್ನೆಸ್, ದಿ ಸೆಲೆಕ್ಟರ್, ದಿ ಬೀಟ್ ಎಲ್ಲ ಇದೇ ಬಾಗಿಲಿಂದ ಒಳಗೆ ಬಂದವ್ರು. ಅದೇ ವರ್ಷ ಇಂಗ್ಲೆಂಡಿನ ಗಾಯಕ ಎಲ್ವಿಸ್ ಕಾಸ್ಟೆಲೋ ಪ್ರೊಡ್ಯೂಸ್ ಮಾಡಿದ ಮೊದಲ ಆಲ್ಬಂ. ಅದರಲ್ಲಿ ರೂಡಿ ಅನ್ನೋ ಪುಂಡ ಹುಡುಗನಿಗೆ ಬುದ್ಧಿ ಹೇಳೋ ಹಾಡಿದೆ, ಮೂಲ ಡ್ಯಾಂಡಿ ಲಿವಿಂಗ್‌ಸ್ಟನ್ ಅವರದ್ದು, 1967ರದ್ದು. ಆ ಮೂಲದಲ್ಲಿ ಟ್ರಾಂಬೋನ್ ಊದಿದ್ದ ರಿಕೋ ರಾಡ್ರಿಗಸ್ ಅವರನ್ನೇ ಕರೆಸಿ ಮತ್ತೆ ಊದಿಸಿದ್ರು. ಹುಡುಗ್ರು ಹಿರಿಯರ ಹಾಡು ತಗೊಂಡು ಹಿರಿಯರನ್ನ ಮರೆಯೋದೇ ಜಾಸ್ತಿ, ಇವ್ರು ಹಾಗ್ ಮಾಡ್ಲಿಲ್ಲ, ನಂಗೆ ಇವ್ರ ಮೇಲೆ ಪ್ರೀತಿ ಬಂದದ್ದೇ ಅಲ್ಲಿಂದ.

1980ರ ಜನವರಿ ಹೊತ್ತಿಗೆ ಅವ್ರ ಲೈವ್ ಇಪಿ, ಅಂದ್ರೆ ಕೆಲವೇ ಹಾಡಿನ ಚಿಕ್ಕ ರೆಕಾರ್ಡ್, ಬ್ರಿಟನ್ ಪಟ್ಟೀಲಿ ನಂಬರ್ ಒನ್. ಅದರ ಮೇನ್ ಹಾಡು ಹೆಚ್ಚು ಕಮ್ಮಿ ಎರಡೇ ನಿಮಿಷ. ಆದ್ರೆ ಕಾನ್ಸರ್ಟ್‌ಗೆ ವಲಸಿಗರ ವಿರೋಧಿ ಪಕ್ಷ ನ್ಯಾಷನಲ್ ಫ್ರಂಟ್‌ನ ಜನಾಂಗದ್ವೇಷಿ ಹುಡುಗ್ರೂ ಬರ್ತಿದ್ರು, ಕಪ್ಪು ಸಂಗೀತಕ್ಕೆ ಕುಣಿದು ಕಪ್ಪು ಜನರಿಗೇ ಹೊಡೆಯೋ ವಿಚಿತ್ರ. ಕೇಂಬ್ರಿಡ್ಜ್‌ನಲ್ಲಿ ಹೊಡೆದಾಟ ಆಗಿ ಡ್ಯಾಮರ್ಸ್, ಹಾಲ್ ಇಬ್ರನ್ನೂ ಪೊಲೀಸ್ ಹಿಡಿದು ಕೇಸ್ ಹಾಕಿ ಕೋರ್ಟಲ್ಲಿ ದಂಡ ಕಟ್ಟಿಸಿದ್ರು. ಎರಡನೇ ಆಲ್ಬಂನಲ್ಲಿ ಡ್ಯಾಮರ್ಸ್ ಹೋಟೆಲ್ ಲಿಫ್ಟಲ್ಲಿ ಕೇಳೋ ಥರದ ಮ್ಯೂಸಿಕ್ ಕಡೆ ತಿರುಗಿದ್ರು, ಬೈಯರ್ಸ್‌ಗೆ ರಾಕ್ ಬೇಕು, ಅಲ್ಲಿಂದ ಮನಸ್ತಾಪ.

ಈಗ ನಾನು ಹೇಳಬೇಕು ಅಂತ ಬಂದದ್ದಕ್ಕೆ ಬರ್ತೀನಿ, 1981, ಘೋಸ್ಟ್ ಟೌನ್. ಅಂದ್ರೆ ಹಾಳುಬಿದ್ದ ಊರು. ಟೂರಲ್ಲಿ ಗ್ಲಾಸ್ಗೋದಲ್ಲಿ ಮುದುಕಿಯರು ರಸ್ತೇಲಿ ಮನೆ ಸಾಮಾನು ಮಾರೋದನ್ನ ಡ್ಯಾಮರ್ಸ್ ನೋಡಿದ್ರು, ಮುಚ್ಚಿದ ಅಂಗಡಿಗಳು, ಮುಚ್ಚಿದ ಕ್ಲಬ್ಬುಗಳು, ಅದೇ ಹಾಡಾಯ್ತು. ರೆಕಾರ್ಡ್ ಆಗಿದ್ದು ಲೆಮಿಂಗ್ಟನ್‌ನಲ್ಲಿ, ಎಂಟು ಟ್ರ್ಯಾಕಿನ ಪುಟ್ಟ ಸ್ಟುಡಿಯೋ. ಡ್ಯಾಮರ್ಸ್ ಆಮೇಲೆ ಹೇಳ್ಕೊಂಡಿದ್ದಾರೆ: ಒಂದು ಕಡೆ ಹಿತ್ತಾಳೆ ವಾದ್ಯ ರೆಕಾರ್ಡ್ ಆಗ್ತಿದೆ, ಗೋಲ್ಡಿಂಗ್ ಓಡಿ ಬಂದು ತಪ್ಪು ತಪ್ಪು ಅಂತ ಕೂಗ್ತಿದ್ದಾರೆ, ಇನ್ನೊಂದು ಕಡೆ ಬೈಯರ್ಸ್ ಗೋಡೆ ತೂತು ಮಾಡೋ ಹಾಗೆ ಒದೀತಿದ್ದಾರೆ, ಸ್ಟುಡಿಯೋದವ್ರು ಇದು ನಿಲ್ಲದಿದ್ರೆ ಎಲ್ರೂ ಹೊರಡಿ ಅಂತಿದ್ದಾರೆ. ಆ ರೆಕಾರ್ಡ್‌ನ ಹಿಂಬದಿಯಲ್ಲಿ ಗೋಲ್ಡಿಂಗ್ ಬರೆದ ಹಾಡು, ತಮ್ಮ ಮೇಲೇ ನಡೆದ ಹಲ್ಲೆ ಬಗ್ಗೆ, ಯಾಕೆ ಅಂತ ಕೇಳೋ ಹಾಡು. ಅದೇ ವರ್ಷ ಏಪ್ರಿಲಲ್ಲಿ ಕೊವೆಂಟ್ರಿ ಪೇಟೇಲಿ, ಹಾಡಹಗಲಲ್ಲಿ, ಸತ್ನಾಮ್ ಸಿಂಗ್ ಗಿಲ್ ಅನ್ನೋ ವಿದ್ಯಾರ್ಥಿಯ ಕೊಲೆ ಆಯ್ತು. ಜೂನಲ್ಲಿ ಬ್ಯಾಂಡ್ ಊರಿನ ಸ್ಟೇಡಿಯಮ್ಮಲ್ಲಿ ಸೌಹಾರ್ದಕ್ಕೆ ಅಂತ ಕಾನ್ಸರ್ಟ್ ಮಾಡಿದ್ರೆ, ಅದೇ ದಿನ ನ್ಯಾಷನಲ್ ಫ್ರಂಟ್ ಮೆರವಣಿಗೆ ಘೋಷಿಸ್ತು.

ಜುಲೈನಲ್ಲಿ ಹಾಡು ನಂಬರ್ ಒನ್‌ಗೆ ಹೋಯ್ತು, ಮೂರು ವಾರ ಅಲ್ಲೇ, ಹೊರಗೆ ಲಿವರ್‌ಪೂಲ್, ಮ್ಯಾಂಚೆಸ್ಟರ್ ಎಲ್ಲ ಗಲಭೆಯಲ್ಲಿ ಹೊತ್ತಿ ಉರೀತಿತ್ತು. ಟಾಪ್ ಆಫ್ ದ ಪಾಪ್ಸ್ ಅನ್ನೋ ಟಿವಿ ಕಾರ್ಯಕ್ರಮಕ್ಕೆ ಅಂತ ಹೋದಾಗ ಡ್ರೆಸ್ಸಿಂಗ್ ರೂಮಲ್ಲಿ ಹಾಲ್, ಸ್ಟೇಪಲ್, ಗೋಲ್ಡಿಂಗ್ ಮೂರೂ ಜನ ನಾವು ಬಿಡ್ತೀವಿ ಅಂದ್ರು. ಐಕ್ಯತೆ ಹಾಡಿದವ್ರೇ ಒಂದಾಗಿರ್ಲಿಲ್ಲ, ಹೇಳೋದು ಶಾಸ್ತ್ರ ತಿನ್ನೋದು ಬದನೆಕಾಯಿ ಅಂತ ನೀವು ನಗಬಹುದು. ನಾನು ಹಾಗೆ ನೋಡಲ್ಲ. ಬೇರೆ ಬೇರೆ ಕಡೆ ಎಳೆಯೋ ಏಳು ಜನ ಒಂದೇ ರೂಮಲ್ಲಿದ್ದದ್ದಕ್ಕೇ ಆ ಹಾಡು ಹಾಗೆ ಕೇಳ್ಸುತ್ತೆ, ಅದೇ ಎಳೆದಾಟ ಅವರನ್ನ ಹರೀತು ಕೂಡ.

ಆಮೇಲಿನದ್ದು ಬೇಗ ಹೇಳ್ತೀನಿ. ಆ ಮೂವರು ಫನ್ ಬಾಯ್ ತ್ರೀ ಮಾಡಿದ್ರು. ಡ್ಯಾಮರ್ಸ್ ಸ್ಪೆಷಲ್ ಎಕೆಎ ಹೆಸರಲ್ಲಿ ಒಂದು ಆಲ್ಬಂಗೆ ವರ್ಷಗಟ್ಟಲೆ ಕೂತು ಸಾಲ ಮಾಡ್ಕೊಂಡ್ರು, ಆದ್ರೆ ಅದರಿಂದಲೇ 1984ರಲ್ಲಿ ಮಂಡೇಲಾ ಬಿಡುಗಡೆಗೆ ಕೂಗಿದ ಹಾಡು ಬಂತು, ಸಂಕಟದ ವಿಷ್ಯಕ್ಕೆ ಕುಣಿಯೋ ಟ್ಯೂನ್. ದಕ್ಷಿಣ ಆಫ್ರಿಕಾ 2014ರಲ್ಲಿ ಡ್ಯಾಮರ್ಸ್‌ಗೆ ಗೌರವ ಕೊಡ್ತು. 2009ರಲ್ಲಿ ಉಳಿದವ್ರು ಮತ್ತೆ ಸೇರಿ ಟೂರ್ ಮಾಡಿದ್ರು, ಡ್ಯಾಮರ್ಸ್ ಮಾತ್ರ ಇಲ್ಲ. ಕಟ್ಟಿದವ್ರೇ ಹೊರಗೆ, ನಂಗಿದು ಇವತ್ತಿಗೂ ಗಂಟಲಲ್ಲಿ ಇಳಿಯಲ್ಲ. 2015ರಲ್ಲಿ ರಿಕೋ, ಬ್ರಾಡ್ಬರಿ ಇಬ್ರೂ ಹೋದ್ರು. 2019ರಲ್ಲಿ ಎನ್ಕೋರ್ ಆಲ್ಬಂ ನಂಬರ್ ಒನ್ ಆಯ್ತು, ಆಲ್ಬಂ ಲೆಕ್ಕದಲ್ಲಿ ಅದೇ ಅವ್ರ ಮೊದಲ ನಂಬರ್ ಒನ್, ನಲವತ್ತು ವರ್ಷ ಆದ್ಮೇಲೆ! 2022ರ ಡಿಸೆಂಬರ್‌ನಲ್ಲಿ ಟೆರ್ರಿ ಹಾಲ್ ತೀರಿಕೊಂಡ್ರು, 63 ವರ್ಷ.

ಪ್ರಶ್ನೆಗಳು ಆಮೇಲೆ, ಮೊದಲು ಘೋಸ್ಟ್ ಟೌನ್ ಹಾಡು ಹಾಕ್ತೀನಿ. ಯಾರಾದ್ರೂ ಆ ಫ್ಯಾನ್ ಸ್ವಲ್ಪ ಆಫ್ ಮಾಡ್ತೀರಾ? ಶುರುವಲ್ಲಿ ಗಾಳಿ ಬೀಸೋ ಸದ್ದಿದೆ, ಇಲ್ದಿದ್ರೆ ಯಾವುದು ಕೊವೆಂಟ್ರಿದು ಯಾವುದು ನಮ್ಮ ಫ್ಯಾನಿಂದು ಗೊತ್ತಾಗಲ್ಲ.